ಮರಳುಗಾಳಿ ಸಂಘದ ಜಾಕೆಟ್ಟು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
೧೪ ಅಕ್ಟೋಬರ್ ೧೯೫೧

ಪ್ರೀತಿಯ ತಂಗಿ ಆರ್ಲೀನ್,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದ ಅಕ್ಕನನ್ನು ಮೊದಲು ಬೈದುಕೋ, ಆಮೇಲೆ ಕ್ಷಮಿಸು. ಈಗಲೂ ಕೂತು, ಎದ್ದು, ಮತ್ತೆ ಕೂತಿದ್ದೇನೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ನಮ್ಮ ಕಾರಿನ ಸುದ್ದಿ ಹೇಳುತ್ತೇನೆ. ಗುಜರಿಯಿಂದ ತಂದು, ಮಡ್‌ಗಾರ್ಡು ಕಿತ್ತು, ಚಾವಣಿ ತಗ್ಗಿಸಿ, ಡ್ವೈಟ್ ಮತ್ತು ನಾನು ಸೇರಿ ಎಂಜಿನ್ ಕಟ್ಟಿದ ಆ ಹಳೆಯ ಫೋರ್ಡು ಕಳೆದ ಭಾನುವಾರ ಒಣಕೆರೆಯ ಬಯಲಿನಲ್ಲಿ ಗಂಟೆಗೆ ನೂರಿಪ್ಪತ್ತು ಮೈಲಿ ಓಡಿತು. ಕಾರು ಓಟದ ಮರಳುಗಾಳಿ ಸಂಘದ ಹುಡುಗರು, ಗಾಡಿ ಓಡಿಸಿದ ನನ್ನ ಗಂಡ ಡ್ವೈಟ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಎಲ್ಲರ ಮೈಮೇಲೂ ನಾನು ಸಂಘದ ಚಿತ್ರ ಕಸೂತಿ ಹಾಕಿದ ಜಾಕೆಟ್ಟು. ನಾನು ಧೂಳು ತಿನ್ನುತ್ತ ಅವರಿಗೆ ಕಾಫಿ ಬಗ್ಗಿಸಿದೆ.

ನನಗೂ ಒಂದು ಹೊಲಿದುಕೊಳ್ಳಲೇ ಎಂದು ಸಂಘದ ಮುಖಂಡ ಮರ್ಲ್‌ನನ್ನು ಕೇಳಿದೆ.

"ಕೆರೆ ಮೇಲೆ ಗಾಡಿ ಓಡಿಸ್ದೋರಿಗಷ್ಟೇ ಅದು, ವರ್ನಾ."

"ಹಾಗಾದ್ರೆ ಓಡಿಸೋಕೆ ಬಿಡು."

"ಹೆಂಗಸ್ರಿಗೆ ಬಿಡಲ್ಲ ಅಂತ ಗೊತ್ತಲ್ಲ ನಿಂಗೆ. ಇನ್ನೊಂದು ಕಪ್ ಹಾಕು."

ಹುಡುಗರು ಕಿಸಕ್ಕೆಂದರು. ಡ್ವೈಟ್ ಬಾನೆಟ್ಟು ಎತ್ತಿ ಏನೋ ಹುಡುಕತೊಡಗಿದ. ನನಗೆ ಮೈಯೆಲ್ಲ ಉರಿಯಿತು.

ಮಂಗಳವಾರ ಪೇಟೆಯ ಬಟ್ಟೆ ಅಂಗಡಿಯ ಪಾಮರಾಯ್ ಮನೆಗೇ ಬಂದರು.

"ಕಾಲೇಜು ಹುಡುಗೀರು ಈ ಜಾಕೆಟ್ಟಿಗೆ ಮುಗಿಬಿದ್ದಿದಾರೆ ನೋಡಿ. ಇದೇ ಚಿತ್ರ, ಇದೇ ಕೆಂಪು ದಾರ, ಹುಡುಗೀರ ಅಳತೇಲಿ ಹೊಲ್ಕೊಡ್ತೀರಾ?"

"ಅವ್ರು ಕಾರು ಓಡಿಸ್ತಾರಾ?"

"ಓಡಿಸದಿದ್ರೇನಂತೆ, ಹಾಕ್ಕೊಂಡ್ರೆ ಓಡಿಸೋರ ಥರ ಕಾಣ್ತಾರಲ್ಲ."

ಯೋಚಿಸುತ್ತೇನೆ ಎಂದು ಕಳಿಸಿದೆ. ಸಂಘದ ಚಿತ್ರ ಅಂಗಡಿಗೆ ಹೋದರೆ ಡ್ವೈಟ್‌ನನ್ನು ಸಂಘದಿಂದ ಹೊರಹಾಕುತ್ತಾರೆ. ಆ ಸಂಘವೆಂದರೆ ಅವನಿಗೆ ಪ್ರಾಣ. ಆದರೂ ಶುಕ್ರವಾರ ಹೋಗಿ ಒಪ್ಪಿಕೊಂಡು ಬಂದೆ. ಅವನಿಗಿನ್ನೂ ಹೇಳಿಲ್ಲ. ಹೊಲಿಗೆ ಯಂತ್ರ ನಿಂತರೆ ಮನೆಯೆಲ್ಲ ಓಡಾಡುತ್ತೇನೆ, ಸುಸ್ತಾದರೆ ಮತ್ತೆ ಯಂತ್ರದ ಮುಂದೆ ಕೂರುತ್ತೇನೆ. ಮಾಡಿದ್ದು ಸರಿಯೋ ತಪ್ಪೋ ನೀನೇ ಬರೆ.

ನಿನ್ನ ಮಗುವಿನ ಕೆಮ್ಮು ಬೇಗ ಹೋಗಲಿ. ನೀವೆಲ್ಲ ಸುಖವಾಗಿರಿ, ಕಂದಾ.

ನಿನ್ನ ಅಕ್ಕ,
ವರ್ನಾ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅಂಗಡಿಗೆ ಹೋಗಿ ಒಪ್ಪಿಕೊಂಡ ಹಿಂದಿನ ದಿನ, ಗುರುವಾರ, ನನ್ನ ಅಳತೆಗೇ ಒಂದು ಜಾಕೆಟ್ಟು ಹೊಲಿದು, ಎದೆಯ ಮೇಲೆ ನನ್ನ ಹೆಸರು ಹಾಕಿ, ತೊಟ್ಟುಕೊಂಡು ಗ್ಯಾರೇಜಿಗೆ ಹೋಗಿದ್ದೆ. ಡ್ವೈಟ್ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. "ಬಿಚ್ಚಿಡು ವರ್ನಾ, ಜನ ನೋಡಿದ್ರೆ ನಗ್ತಾರೆ" ಎಂದ. ಅಷ್ಟು ಹೇಳುವ ಮೊದಲೇ ಅವನು ನಕ್ಕಾಗಿತ್ತು.