ದುಂಡವ್ವಾಯಿಯ ಎಮ್ಮೆಗೊಬ್ಬ ದುಭಾಷಿ

೩ ಫೆಬ್ರುವರಿ ೧೯೯೨, ಬೆಳಿಗ್ಗೆ

ಪಾಲಬಾವಿಯ ತೋಟಗಳಲ್ಲಿ ಡೇರಿಗೆ ಹಾಲು ಕೂಡಿಸಿದ್ದಾಯಿತು. ದುಂಡವ್ವಾಯಿಯ ಒಂದೇ ಎಮ್ಮೆ ಗಬ್ಬ, ಹಾಲಿಲ್ಲ — ಆದರೂ ಅಲ್ಲಿ ಚಹಾ ನನ್ನ ಹಕ್ಕು.

"ದನದ ದವಾಖಾನಿಗೆ ಕರೀ ಡಾಕ್ಟರ್‌ಬಾಯಿ ಬಂದಾಳಂತಲ್ಲ, ಗುಂಗುರು ಕೂದಲಾಕಿ. ಯಾ ಊರಾಕಿ ಲೇ ಪಾರಿಸ?"

ಸೈಕಲ್ ಇಳಿದು ಕೈಕಟ್ಟಿ ನಿಂತೆ. ಪರಮ ಗಂಭೀರ.

"ಆಫ್ರಿಕಾ, ಆಯಿ. ಕನ್ನಡ, ಮರಾಠಿ ಒಂದೂ ಬರಂಗಿಲ್ಲ. ಸರಕಾರ ನನ್ನ ದುಭಾಷಿ ಮಾಡೈತಿ."

"ಅಯ್ಯ ಶಿವನ! ನಮ್ಮೆಮ್ಮಿ ಈಯೂ ಹೊತ್ತಿಗೆ ಹೆಂಗ ಮಾಡೋದು?"

"ನನಗ ಹೇಳಿ ಕಳಸು. ನಾ ಕರಕೊಂಡ ಬರ್ತೀನಿ."

ನಂಬಿದಳು! ಊರೂ ನಂಬಿತು.

೫ ಫೆಬ್ರುವರಿ

ಸಿಕ್ಕಿಬಿದ್ದೆ. ದವಾಖಾನೆಯಲ್ಲಿ ಡಾಕ್ಟರ್ ಜುಲಿಯಾನಾ ಎತ್ತಿನ ಗೊರಸು ತೊಳೆಯುತ್ತಿದ್ದರು.

"ಬರ್ರಿ ದುಭಾಷಿಗಳ! ನಿನ್ನಿ ನಿಮ್ಮ ಬಾಜೂಮನಿ ಕಾಕಾಸಾಹೇಬ್ರು, ನನಗ ಕನ್ನಡ ಬರಂಗಿಲ್ಲಂತ, ನನ್ನ ಮುಂದ ಎಮ್ಮಿ ಹಂಗ ಒದರಿ ತೋರಿಸಿದ್ರು." ನಕ್ಕರು. "ನಾ ಹಳಿಯಾಳದಾಕಿ, ತಮ್ಮಾ. ಸಿದ್ದಿ ಮಂದಿ ನಾವು. ಹಿರ್ಯಾರು ಯಾವ ಕಾಲಕ್ಕೋ ಆಫ್ರಿಕಾದಿಂದ ಬಂದಾರ, ಖರೆ." ಆಮೇಲೆ ನಗಲಿಲ್ಲ. "ಯಾರ್ಯಾರಿಗೆ ಹೇಳಿಯೋ ಅವರ ಮನಿಗೇ ಹೋಗಿ ತಿದ್ದು. ಮಂದಿ ಕರೀಲಿಲ್ಲಂದ್ರ ನಾ ಇಲ್ಲಿ ಯಾಕ ಇರ್ಲಿ?"

ಊರಲ್ಲಿ ತಿದ್ದಿದೆ. ತೋಟದ ದುಂಡವ್ವಾಯಿಗೆ ಮಾತ್ರ... ನಾಳೆ. ಅಷ್ಟು ಚೆಂದ ನಂಬುವವರು ಮತ್ತೆ ಸಿಗುವುದಿಲ್ಲ.

೧೧ ಫೆಬ್ರುವರಿ, ಸಂಜೆ

ಆಯಿಯ ತೋಟದಿಂದ ಈಗಷ್ಟೇ ಬಂದೆ.

ಎಮ್ಮೆಗೆ ಬೆಳಿಗ್ಗೆಯೇ ನೋವು. ಹೊಟ್ಟೆಯಲ್ಲಿ ಕರು ಅಡ್ಡ. ಆಯಿ ತನ್ನ ಮಗಳು ಸುಗಂಧಾಳನ್ನು ಊರಿಗೆ ಓಡಿಸಿದ್ದಾಳೆ. ಅವಳು ದವಾಖಾನೆಯ ಬಾಗಿಲು ದಾಟಿಕೊಂಡೇ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕಾದು ಕೂತಳಂತೆ — ದುಭಾಷಿಗಾಗಿ. ದುಭಾಷಿ ಚಿಕ್ಕೋಡಿಯ ಟಾಕೀಜಿನಲ್ಲಿ. ಕಡೆಗೆ ಅವಳನ್ನು ಕಂಡ ಕಾಕಾಸಾಹೇಬರೇ ಡಾಕ್ಟರನ್ನು ಕರೆದೊಯ್ದರು.

ಸುದ್ದಿ ಕೇಳಿ ನಾನು ತೋಟ ಮುಟ್ಟಿದಾಗ ಡಾಕ್ಟರು ನೆಲದ ಮೇಲೆ ಮಲಗಿ, ಹೆಗಲವರೆಗೂ ಕೈ ಒಳಗಿಟ್ಟು, ಕರುವನ್ನು ತಿರುಗಿಸಿ ಹೊರಗೆಳೆದರು. ಅದರ ಮೂಗು ಒರೆಸಿ, ಹುಲ್ಲಿನಿಂದ ತಿಕ್ಕಿದರು. ಉಸಿರಾಡಿತು. ಎಮ್ಮೆ ಉಳಿಯಲಿಲ್ಲ.

"ಮುಂಜಾನೇನ ಯಾಕ ಕರೀಲಿಲ್ಲ ಯವ್ವಾ? ಎರಡೂ ಉಳೀತಿದ್ವು."

ಆಯಿ ಅಳುವುದನ್ನೇ ಮರೆತು ನೋಡಿದಳು.

"ನಿಮಗ... ಕನ್ನಡ ಬರ್ತೈತ್ರಿ?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. ನೋಡಬೇಕಿತ್ತು.

೧೪ ಫೆಬ್ರುವರಿ

ಈಗ ಆ ಮನೆಗೆ ದಿನವೂ ನಾನೇ ಹಾಲು ಹಾಕುತ್ತೇನೆ. ಬೆರಳು ಹಾಲಲ್ಲಿ ಅದ್ದಿ ಕರುವಿನ ಬಾಯಲ್ಲಿಟ್ಟು ಚೀಪಿಸುವುದನ್ನು ಡಾಕ್ಟರು ಕಲಿಸಿದ್ದಾರೆ. ಕುಡಿಯುತ್ತದೆ, ಕುಡಿದು ಖಾಲಿ ಗೂಟದ ಕಡೆ ತಿರುಗಿ ಕೂಗುತ್ತದೆ.

ಆಯಿ ಮೂರು ದಿನದಿಂದ ಚಹಾ ಕೊಟ್ಟಿರಲಿಲ್ಲ. ಇಂದು ಚಹಾ ತಂದಿಟ್ಟಳು.

"ನೀ ದುಭಾಷಿ ಅಲ್ಲೇನಲೇ? ಕೇಳಾಕತ್ತೈತಿ ನೋಡು, ಅವ್ವ ಎಲ್ಲಿ ಅಂತ. ಹೇಳು ಅದಕ್ಕ."

ಬಗ್ಗಿದೆ. ಕರುವಿನ ಕಿವಿ ಬೆಚ್ಚಗಿತ್ತು. ನಾನು ಅಂದೆ — "ನಿಮ್ಮವ್ವ ಬರಂಗಿಲ್ಲ, ನನ್ನ ಸುಳ್ಳ ಆಕೀನ ತಿಂತು."