ಸುಕೇಶನಿಗೆ ಕೊಟ್ಟ ಉತ್ತರ

12 ನವೆಂಬರ್ 2025, ಬುಧವಾರ

ಸುಕೇಶ ಕೇಳಿದಾಗ ನಾನು ಸುಮ್ಮನಿರಬೇಕಿತ್ತು.

ಭಾನುವಾರ, ಇಲ್ಲಿ ಕೆಲಸದ ವಾರ ಶುರುವಾಗುತ್ತಲೇ, ನಮ್ಮ ವಿಭಾಗದಿಂದ ಆರು ಜನರನ್ನು ತೆಗೆಯುತ್ತಾರೆ. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ನನಗೆ ಆದೇಶ. ಇವತ್ತು ಮೀಟಿಂಗ್‌ನಲ್ಲಿ ಮೇಲಿನವರು ಬರೆದುಕೊಟ್ಟದ್ದನ್ನೇ ಓದಿದೆ: ಕಂಪನಿ ಗಟ್ಟಿಯಾಗಿದೆ, ವದಂತಿ ನಂಬಬೇಡಿ. ಎಲ್ಲರೂ ತಲೆಯಾಡಿಸಿದರು. ಯಾರೂ ನಂಬಲಿಲ್ಲ. ನನಗೆ ಅದೇ ಒಂದು ಸಮಾಧಾನವಾಗಿತ್ತು.

ಆಮೇಲೆ ಸುಕೇಶ ಪ್ಯಾಂಟ್ರಿಗೆ ಬಂದ. ಆ ಆರು ಜನರಲ್ಲಿ ಅವನೂ ಒಬ್ಬ.

“ಅಕ್ಕ, ಆ ಇಂಗ್ಲಿಷ್ ಭಾಷಣ ಬಿಡಿ ಮಾರಾಯ್ರೆ. ನಮ್ಮ ಭಾಷೆಯಲ್ಲಿ ಹೇಳಿ. ಐನ್ ಖಾಲಿದ್ ಏರಿಯಾದಲ್ಲಿ ಮನೆ ನೋಡಿದ್ದೇನೆ. ನಾಳೆ ಇಡೀ ವರ್ಷದ ಬಾಡಿಗೆಗೆ ಚೆಕ್ ಬರೆದು ಕೊಡ್ಬೇಕು. ಊರಲ್ಲಿ ಹೆಂಡತಿ ಶರ್ಮಿಳಾ, ಮಗು ಇಲ್ಲಿಗೆ ಬರ್ಲಿಕ್ಕೆ ಕಾಯ್ತಾ ಇದ್ದಾರೆ. ಕೊಡ್ಲಾ?”

“ಏನೂ ಆಗೂದಿಲ್ಲ, ಹೆದರ್ಬೇಡ” ಎಂದುಬಿಟ್ಟೆ.

“ಅಷ್ಟು ಸಾಕು ಅಕ್ಕ, ಖಲಾಸ್!” ಎಂದು ಇಲ್ಲಿನವರ ಅರಬ್ಬಿಯಲ್ಲೇ ಮಾತು ಮುಗಿಸಿ ನಗುತ್ತಾ ಹೋದ.

ಇಂಗ್ಲಿಷಿನಲ್ಲಿ ಓದಿದ್ದು ಕಂಪನಿಯ ಮಾತು. ಇದು ನನ್ನದೇ. ಅವನ ಮುಖ ನೋಡಿ ಕರುಣೆಯಿಂದ ಹೇಳಿದೆನೇ, ಅಥವಾ ನನ್ನ ವೀಸಾ, ಮಕ್ಕಳ ಶಾಲೆ ನೆನಪಾಗಿ ಹೇಳಿದೆನೇ? ಎರಡನೆಯದೇ ಇರಬೇಕು.

ಚೆಕ್ ಕೊಡಬೇಡ ಎಂದು ಈಗ ಒಂದು ಮೆಸೇಜ್ ಹಾಕಿದರೆ ಸಾಕು. ಆದರೆ ಅದು ಅವನ ಫೋನಿನಲ್ಲಿ ಉಳಿದುಬಿಡುತ್ತದೆ. ಬೆಳಿಗ್ಗೆ, ಅವನು ಮನೆ ಮಾಲೀಕನ ಬಳಿ ಹೋಗುವ ಮೊದಲು, ಎದುರಿಗೇ ಹೇಳಬೇಕು. ಹೇಳುತ್ತೇನೆಯೇ? ಇಷ್ಟು ಬರೆದ ಮೇಲೂ, ನಾನು ಆಫೀಸು ತಲುಪುವಷ್ಟರಲ್ಲಿ ಅವನು ಹೊರಟುಹೋಗಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆ.