ಮಂಡಿಯೂರುವ ಹಬ್ಬ

ವೆನಿಂಗ್,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ತಿಂಗಳ ಉಪವಾಸ ಮುಗಿದು ಇವತ್ತು ಹಬ್ಬ. ಹಳೆಯ ವಿದ್ಯಾರ್ಥಿಗಳೆಲ್ಲ ಬಂದು, ಕುರ್ಚಿಯಲ್ಲಿ ಕುಳಿತ ನನ್ನ ಮುಂದೆ ಮಂಡಿಯೂರಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಿದರು. ನನ್ನ ತರಗತಿಯಲ್ಲಿ ನಿನ್ನ ಜೊತೆ ಓದಿ, ನಿನ್ನ ಹಾಗೇ ನನ್ನ ಬೆತ್ತದ ಏಟು ತಿಂದ ಪರ್ಜೊ ನನ್ನ ಕೈಯನ್ನು ಹಣೆಗೊತ್ತಿಕೊಂಡು, "ಕ್ಷಮಿಸಿ ಟೀಚರ್, ಏಳರ ಮಗ್ಗಿ ಇನ್ನೂ ಬರಲ್ಲ" ಎಂದ.

"ನಿನ್ನ ಮಗನಿಗಾದ್ರೂ ಬರುತ್ತೇನೋ?"

"ಹೊಡೆಯದೆ ಕಲಿಸ್ತಿದೀನಿ, ನಿಧಾನ ಆಗ್ತಿದೆ. ವೆನಿಂಗ್ ಬರ್ಲಿಲ್ವಾ?"

"ದಾರೀಲಿದಾಳೆ" ಎಂದೆ.

ನಮ್ಮಲ್ಲಿ ಕಿರಿಯರು ಬಾಗುತ್ತಾರೆ, ಹಿರಿಯರು ಕ್ಷಮಿಸುತ್ತಾರೆ. ಹಿರಿಯರೇ ಕೇಳಬೇಕೆಂದರೆ ಅದಕ್ಕೊಂದು ಪದ್ಧತಿಯಿಲ್ಲ. ನಲವತ್ತು ವರ್ಷ ಪಾಠ ಹೇಳಿದ ನನಗೂ ಅದನ್ನು ಯಾರೂ ಕಲಿಸಲಿಲ್ಲ. ಎಲ್ಲರೂ ಹೋದ ಮೇಲೆ ನಿನ್ನ ಖಾಲಿ ಕುರ್ಚಿಯ ಮುಂದೆ ಮಂಡಿಯೂರಲು ನೋಡಿದೆ. ಮಂಡಿ ಬಗ್ಗಲಿಲ್ಲ, ಮಗಳೇ.